ಫ್ಲೆಕ್ಸ್ ಅಲ್ಲ, ಫ್ಲಕ್ಸ್

(ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ಬಸವನಗುಡಿಯಲ್ಲಿ ಪಿಯು ಓದುವ ಮಕ್ಕಳಿಗೂ ಅವರ ಜೊತೆ ಬಂದಿದ್ದ ಮನೆಯವರಿಗೂ ಮಾತಾಡಿದ್ದು. ನೆನಪಿನಿಂದ ಬರೆದಿದ್ದೇನೆ. ಒಂದೆರಡು ಕಡೆ ಮಾತಿಗಿಂತ ಬರಹ ಜಾಸ್ತಿಯಾಗಿದೆ.)

ಎಲ್ಲರಿಗೂ ನಮಸ್ಕಾರ. ಬಾಗಿಲಲ್ಲಿ ಕಟ್ಟಿರುವ ಬ್ಯಾನರ್ ನೋಡಿಕೊಂಡೇ ಒಳಗೆ ಬಂದಿದ್ದೀರಿ. ‘ವಿದ್ಯುತ್ ಫ್ಲೆಕ್ಸ್ ಎಂದರೇನು?’ ಅಂತ ಅಚ್ಚಾಗಿದೆ. ನಾವು ಬರೆದು ಕೊಟ್ಟದ್ದು ಫ್ಲಕ್ಸ್. ಬೆಳಗಿನಿಂದ ರಾತ್ರಿವರೆಗೆ ಫ್ಲೆಕ್ಸ್ ಅಚ್ಚು ಹಾಕುವವರು ನಮ್ಮ ಕಾಗುಣಿತ ತಪ್ಪಿದೆ ಅಂದುಕೊಂಡು ತಿದ್ದಿದ್ದಾರೆ, ಪಾಪ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿ ಫ್ಲಕ್ಸ್ ಕೇಳಿದರೂ ಇದೇ ಕಥೆ. ಬೆಸುಗೆಗೆ ಹಚ್ಚುವ ಪೇಸ್ಟಿನ ಪುಟ್ಟ ಡಬ್ಬಿ ಕೈಗಿಡುತ್ತಾರೆ. ಆ ಫ್ಲಕ್ಸಿಗೂ ಈ ಫ್ಲಕ್ಸಿಗೂ ಬೇರು ಒಂದೇ. ‘ಹರಿಯುವುದು’ ಅನ್ನುವ ಅರ್ಥದ ಒಂದು ಲ್ಯಾಟಿನ್ ಪದ.

ಹೆಸರಲ್ಲೇ ಮೊದಲ ಎಡವಟ್ಟು ಇರುವುದು. ವಿದ್ಯುತ್ ಫ್ಲಕ್ಸಿನಲ್ಲಿ ಏನೂ ಹರಿಯುವುದಿಲ್ಲ. ಚಾರ್ಜ್ ಸುಮ್ನೆ ಒಂದು ಕಡೆ ಕೂತಿರುತ್ತದೆ, ಅದರ ಸುತ್ತ ಕ್ಷೇತ್ರ, ಅಂದರೆ ಬೇರೆ ಚಾರ್ಜನ್ನು ತಳ್ಳುವ ಇಲ್ಲವೇ ಎಳೆಯುವ ಪ್ರಭಾವ, ಇರುತ್ತದೆ, ಅಷ್ಟೇ. ಇವತ್ತು ನಾನು ನೀರು, ಬಿಸಿಲು, ದೀಪ ಅಂತೆಲ್ಲಾ ಹೋಲಿಕೆ ಕೊಡುತ್ತೇನೆ. ಅವೆಲ್ಲ ಹರಿಯುವಂಥವು, ಇದು ಹರಿಯುವುದಿಲ್ಲ. ಎಣಿಸುವ ರೀತಿ ಮಾತ್ರ ಒಂದೇ. ಇನ್ನೊಂದು ಮಾತು. ನಿಮ್ಮ ಕನ್ನಡ ಪುಸ್ತಕದಲ್ಲಿ ಚಾರ್ಜಿಗೆ ‘ಆವೇಶ’ ಅಂತ ಇರುತ್ತದೆ. ಒಳ್ಳೆಯ ಪದವೇ. ಆದರೆ ನಮ್ಮ ಕಡೆ ಆವೇಶ ಅಂದರೆ ಜಾತ್ರೆಯಲ್ಲಿ ಮೈಮೇಲೆ ಬರುವುದು. ಹಾಗಾಗಿ ನಾನು ಚಾರ್ಜ್ ಅಂತಲೇ ಅನ್ನುತ್ತೇನೆ.

ಮೊದಲು ನನ್ನ ಒಂದು ಹಳೇ ಮಾನಹಾನಿಯ ಕಥೆ. ಎರಡನೇ ಪಿಯುಸಿಯ ಒಂದು ಕಿರುಪರೀಕ್ಷೆ. ಪ್ರಶ್ನೆ ಹೀಗಿತ್ತು: ‘ಒಂದು ಚೆಂಡಿನಾಕಾರದ ಮುಚ್ಚಿದ ಮೇಲ್ಮೈ ಇದೆ. ಅದರ ಒಳಗೆ ಏನೂ ಇಲ್ಲ. ಹೊರಗೆ ಒಂದು ಚಾರ್ಜ್ ಇದೆ. ಮೇಲ್ಮೈ ಮೂಲಕ ಒಟ್ಟು ಫ್ಲಕ್ಸ್ ಎಷ್ಟು?’ ಸೊನ್ನೆ ಅಂತ ಬರೆದೆ, ಸರಿ. ಕೆಳಗೇ ಇನ್ನೊಂದು: ‘ಮೇಲ್ಮೈ ಮೇಲೆ ವಿದ್ಯುತ್ ಕ್ಷೇತ್ರ ಎಷ್ಟು?’ ಅದಕ್ಕೂ ಸೊನ್ನೆ ಅಂತ ಬರೆದೆ, ಕಣ್ಣು ಮುಚ್ಚಿಕೊಂಡು. ಸೊನ್ನೆಗೆ ಸೊನ್ನೆ ಅಂಕ ಬಂತು. ಪಕ್ಕದಲ್ಲೇ ಚಾರ್ಜ್ ಕೂತಿದೆ, ಮತ್ತೆ ಕ್ಷೇತ್ರ ಹೇಗೆ ಇಲ್ಲದೇ ಹೋಗುತ್ತದೆ? ಆಗ ತಲೆಗೆ ಹೊಳೆಯಲಿಲ್ಲ. ಇವತ್ತೂ ತರಗತಿಯಲ್ಲಿ ಇದೇ ಪ್ರಶ್ನೆ ಕೇಳಿದರೆ ಬಹಳ ಮಕ್ಕಳು ನಾನು ಬರೆದದ್ದನ್ನೇ ಬರೆಯುತ್ತಾರೆ. ಇವತ್ತಿನ ನನ್ನ ಮಾತೆಲ್ಲ ಆ ಎರಡು ಸೊನ್ನೆಗಳ ಸುತ್ತಲೇ.

ಮೊದಲು ಫ್ಲಕ್ಸ್. ಏಪ್ರಿಲ್ 24ಕ್ಕೆ ಬೆಂಗಳೂರಲ್ಲಿ ಶೂನ್ಯ ನೆರಳಿನ ದಿನ. ಮಧ್ಯಾಹ್ನ ಹನ್ನೆರಡೂಕಾಲರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿ ಮೇಲಿರುತ್ತಾನೆ. ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. (ಆಗಸ್ಟ್ 18ಕ್ಕೂ ಹೀಗೇ ಆಗುತ್ತದೆ, ಆದರೆ ಆಗ ನಮಗೆ ಮೋಡ ಬಿಟ್ಟರೆ ಬೇರೇನು ಕಾಣುತ್ತೆ?) ಆ ಹೊತ್ತಿಗೆ ಟೆರೇಸಿನಲ್ಲಿ ಹಪ್ಪಳದ ಚಾಪೆ ಹಾಸಿದ್ದೀರಿ ಅಂದುಕೊಳ್ಳಿ. ಚಪ್ಪಟೆಯಾಗಿ ಹಾಸಿದರೆ ಚಾಪೆಗೆ ಬೀಳಬಹುದಾದ ಬಿಸಿಲೆಲ್ಲ ಬೀಳುತ್ತದೆ. ಒಂದು ಕಡೆಯಿಂದ ಎತ್ತಿ 60 ಡಿಗ್ರಿ ಓರೆ ಮಾಡಿದರೆ ಅರ್ಧ ಬಿಸಿಲು. ಪೂರ್ತಿ ನೆಟ್ಟಗೆ ನಿಲ್ಲಿಸಿದರೆ ಏನೂ ಇಲ್ಲ. ಬಿಸಿಲು ಅದೇ, ಚಾಪೆಯೂ ಅದೇ. ಬದಲಾಗಿದ್ದು ಕೋನ ಮಾತ್ರ.

ಫ್ಲಕ್ಸ್ ಅಂದರೆ ಇದೇ. ಕ್ಷೇತ್ರ ಎಷ್ಟು ಬಲವಾಗಿದೆ, ಮೇಲ್ಮೈ ಎಷ್ಟು ದೊಡ್ಡದು, ಅದು ಕ್ಷೇತ್ರಕ್ಕೆ ಎಷ್ಟು ಮುಖ ಕೊಟ್ಟು ನಿಂತಿದೆ. ಮೂರನ್ನೂ ಗುಣಿಸಬೇಕು. ಮೂರನೆಯದು ಕೊಸೈನ್. ಇಲ್ಲಿ ಒಂದು ಗುಂಡಿ ಇದೆ, ಹುಷಾರು. ಕೋನವನ್ನು ಚಾಪೆಯಿಂದ ಅಳೆಯಬಾರದು. ಚಾಪೆಗೆ ಲಂಬವಾಗಿ ಒಂದು ಕಡ್ಡಿ ಸಿಕ್ಕಿಸಿದ್ದೀರಿ ಅಂದುಕೊಂಡು ಆ ಕಡ್ಡಿಗೂ ಬಿಸಿಲಿಗೂ ಇರುವ ಕೋನ ತೆಗೆದುಕೊಳ್ಳಬೇಕು. ಪ್ರಶ್ನೆಪತ್ರಿಕೆ ತೆಗೆಯುವವರಿಗೆ ಇದು ಚೆನ್ನಾಗಿ ಗೊತ್ತು. ‘ಮೇಲ್ಮೈಯೊಂದಿಗೆ 30 ಡಿಗ್ರಿ’ ಅಂತ ಕೊಟ್ಟು ಸುಮ್ಮನೆ ಕೂತಿರುತ್ತಾರೆ. ನೀವು ಕೊಸೈನ್ 30 ಹಾಕುತ್ತೀರಿ. ಹಾಕಬೇಕಾಗಿದ್ದದ್ದು ಕೊಸೈನ್ 60.

ಈಗ ಚಾಪೆಯನ್ನು ಮಡಚಿ ಎಲ್ಲ ಕಡೆಯಿಂದ ಮುಚ್ಚಿಬಿಡೋಣ. ಚೀಲ, ಚೆಂಡು, ಪೆಟ್ಟಿಗೆ, ಯಾವ ಆಕಾರವಾದರೂ ಆಗಲಿ, ತೂತು ಇರಬಾರದು ಅಷ್ಟೇ. ಇದು ನಿಜವಾದ ವಸ್ತುವೇ ಆಗಿರಬೇಕಿಲ್ಲ. ಗಾಳಿಯಲ್ಲಿ ನಾವು ಮನಸ್ಸಿನಲ್ಲೇ ಎಳೆದುಕೊಂಡ ಗೋಡೆ ಸಾಕು. ಕಡ್ಡಿಗಳೆಲ್ಲ ಹೊರಮುಖ. ಹೊರಗೆ ಹೋಗುವ ಫ್ಲಕ್ಸ್ ಜಮೆ, ಒಳಗೆ ಬರುವುದು ಖರ್ಚು. ಗೋಡೆಯ ಇಂಚಿಂಚನ್ನೂ ಕೂಡಿಸಿದರೆ ಏನು ಸಿಗುತ್ತದೆ?

ನಾವು ಹಿಂದೆ ಬಾಡಿಗೆಗಿದ್ದ ಮನೆ ತಗ್ಗಿನಲ್ಲಿತ್ತು. ಬೆಂಗಳೂರಲ್ಲಿ ತಗ್ಗಿನ ಮನೆ ಅಂದರೆ ಬಾಕಿದ್ದನ್ನು ನಿಮಗೆ ಹೇಳಬೇಕಿಲ್ಲ. ಜೋರು ಮಳೆ ಬಂದರೆ ಮೇಲಿನ ರಸ್ತೆಯ ನೀರೆಲ್ಲ ಮುಂದಿನ ಗೇಟಿನಿಂದ ನುಗ್ಗಿ, ಕಾಂಪೌಂಡ್ ದಾಟಿ, ಹಿಂದಿನ ಮೋರಿ ಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಗೇಟಿನ ಹತ್ತಿರ ನಿಂತರೆ ಕಾಲಿಗೆ ಸೆಳೆತ. ಕಿಂಡಿಯ ಹತ್ತಿರವೂ ಸೆಳೆತ. ಆದರೆ ಒಳಗೆ ಬಂದದ್ದು, ಹೊರಗೆ ಹೋದದ್ದು ಎರಡನ್ನೂ ಲೆಕ್ಕ ಹಾಕಿದರೆ ಸೊನ್ನೆ. ಯಾಕೆ? ಕಾಂಪೌಂಡಿನ ಒಳಗೆ ನೀರು ಹುಟ್ಟುತ್ತಿಲ್ಲ, ಬರೀ ಹಾದು ಹೋಗುತ್ತಿದೆ. ಒಂದು ರಾತ್ರಿ ಮಳೆ ನಿಂತು ಗೇಟಿನಲ್ಲಿ ನೀರು ಸಣ್ಣಗಾದ ಮೇಲೂ ಕಿಂಡಿಯಲ್ಲಿ ಮಾತ್ರ ಧೋ ಅಂತ ಹೋಗುತ್ತಲೇ ಇತ್ತು. ಒಳಗೆಲ್ಲೋ ನೀರು ಹುಟ್ಟುತ್ತಿದೆ ಅಂತಾಯಿತಲ್ಲ? ಹೋಗಿ ನೋಡಿದರೆ ಕಾವೇರಿ ನೀರು ಬಿಟ್ಟಿದ್ದಾರೆ, ನಾನು ವಾಲ್ವ್ ಮುಚ್ಚಲು ಮರೆತಿದ್ದೇನೆ, ಸಂಪ್ ತುಂಬಿ ಉಕ್ಕುತ್ತಿದೆ.

ಈ ಕಥೆಯಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಕಿಂಡಿಯಲ್ಲಿ ಕಾಲಿಗೆ ಸಿಗುವ ಸೆಳೆತ ಯಾರಿಂದ ಬಂತು? ಮೇಲಿನ ರಸ್ತೆಯಿಂದ, ಪಕ್ಕದ ಮನೆಯ ತಾರಸಿ ನೀರಿನಿಂದ, ನಮ್ಮ ಸಂಪಿನಿಂದ, ಎಲ್ಲದರಿಂದ. ಇಡೀ ಕಾಂಪೌಂಡಿನ ಸುತ್ತ ಕೂಡಿ ಕಳೆದ ಲೆಕ್ಕ ಯಾರದು? ಒಳಗಿರುವ ಸಂಪಿನದು ಮಾತ್ರ. ಜರ್ಮನಿಯ ಗಣಿತಜ್ಞ ಗೌಸ್ ಹೆಸರಿನ ನಿಯಮವೂ ಹೀಗೇ. ಮುಚ್ಚಿದ ಮೇಲ್ಮೈ ಮೂಲಕ ಒಟ್ಟು ಫ್ಲಕ್ಸ್ ಅಂದರೆ ಒಳಗಿರುವ ಒಟ್ಟು ಚಾರ್ಜನ್ನು ಎಪ್ಸಿಲಾನ್ ನಾಟ್‌ನಿಂದ ಭಾಗಿಸಿದಷ್ಟು. (ಎಪ್ಸಿಲಾನ್ ನಾಟ್ ಅಂದರೆ ಖಾಲಿ ಜಾಗಕ್ಕೆ ಸೇರಿದ ಒಂದು ಸ್ಥಿರ ಸಂಖ್ಯೆ.) ಈ ಸಮೀಕರಣದ ಎಡಗಡೆ ಇರುವ ಕ್ಷೇತ್ರ ಊರಿನ ಎಲ್ಲ ಚಾರ್ಜುಗಳೂ ಸೇರಿ ಮಾಡಿದ್ದು, ಒಳಗಿನವು, ಹೊರಗಿನವು ಎಲ್ಲ. ಬಲಗಡೆ ಇರುವುದು ಒಳಗಿನ ಚಾರ್ಜ್ ಮಾತ್ರ. ಕ್ಷೇತ್ರ ಎಲ್ಲರದು, ಲೆಕ್ಕ ಒಳಗಿನವರದು. ನನ್ನ ಎರಡನೇ ಸೊನ್ನೆ ತಪ್ಪಿದ್ದು ಇಲ್ಲಿ. ಚೆಂಡಿನ ಮೇಲೆ ಎಲ್ಲ ಕಡೆ ಕ್ಷೇತ್ರ ಇತ್ತು. ಚಾರ್ಜಿನ ಕಡೆಗಿದ್ದ ಮೈಯಲ್ಲಿ ಒಳಕ್ಕೆ ನುಗ್ಗುತ್ತಿತ್ತು, ಆಚೆ ಮೈಯಲ್ಲಿ ಹೊರಕ್ಕೆ ಹೋಗುತ್ತಿತ್ತು. ಕೂಡಿಸಿದಾಗ ಮಾತ್ರ ಸೊನ್ನೆ.

ನೀರಿನ ಲೆಕ್ಕ ಸರಿ ಹೋಗುವುದು ನೀರು ಮಾಯವಾಗಲ್ಲ ಅನ್ನುವ ಕಾರಣಕ್ಕೆ. ಆದರೆ ಹರಿಯದೇ ಇರುವ ಕ್ಷೇತ್ರಕ್ಕೆ ಇದು ಯಾಕೆ ಒಪ್ಪಬೇಕು? ಕೇಳಲೇಬೇಕಾದ ಪ್ರಶ್ನೆ ಇದು. ಬಹಳ ಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ದಾಟಿಸಿಬಿಡುತ್ತವೆ.

ಒಂದು ನ್ಯಾನೋ ಕೂಲಂ ಚಾರ್ಜ್ ತೆಗೆದುಕೊಳ್ಳಿ. (ಕೂಲಂ ಅಂದರೆ ಚಾರ್ಜ್ ಅಳೆಯುವ ಮಾನ, ನ್ಯಾನೋ ಅಂದರೆ ಅದರ ನೂರು ಕೋಟಿಯಲ್ಲಿ ಒಂದು ಭಾಗ.) ಅದರಿಂದ 10 ಸೆಂಟಿಮೀಟರ್ ದೂರದಲ್ಲಿ ಕ್ಷೇತ್ರ ಪ್ರತಿ ಕೂಲಂಗೆ 900 ನ್ಯೂಟನ್. ಅಷ್ಟೇ ತ್ರಿಜ್ಯದ ಚೆಂಡಿನ ಮೇಲ್ಮೈ 0.1257 ಚದರ ಮೀಟರ್. ಗುಣಿಸಿದರೆ 113. ಈಗ 20 ಸೆಂಟಿಮೀಟರಿಗೆ ಹೋಗಿ. ಕ್ಷೇತ್ರ ಕಾಲು ಭಾಗಕ್ಕೆ ಇಳಿಯಿತು, 225. ಮೇಲ್ಮೈ ನಾಲ್ಕು ಪಟ್ಟಾಯಿತು, 0.503. ಗುಣಿಸಿದರೆ ಮತ್ತೆ 113. ಒಂದು ನ್ಯಾನೋ ಕೂಲಂ ಅನ್ನು ಎಪ್ಸಿಲಾನ್ ನಾಟ್‌ನಿಂದ ಭಾಗಿಸಿ ನೋಡಿ, ಅದೂ 113. ದೂರದ ವರ್ಗದಷ್ಟು ಕ್ಷೇತ್ರ ಇಳಿಯುತ್ತದೆ, ದೂರದ ವರ್ಗದಷ್ಟೇ ಜಾಗ ಹಿಗ್ಗುತ್ತದೆ. ಒಂದು ಇಳಿದದ್ದನ್ನು ಇನ್ನೊಂದು ತುಂಬಿಕೊಡುತ್ತದೆ. ಗೌಸ್ ನಿಯಮದ ಗುಟ್ಟೆಲ್ಲ ಇಷ್ಟೇ. ಕ್ಷೇತ್ರ ವರ್ಗದ ಬದಲು ಘನದಷ್ಟು ಇಳಿಯುತ್ತಿದ್ದರೆ ಈ ನಿಯಮವೇ ಇರುತ್ತಿರಲಿಲ್ಲ.

ಚೆಂಡೇ ಬೇಕಾ? ಬೇಡ. ದೀಪಾವಳಿಗೆ ಆಕಾಶಬುಟ್ಟಿ ಕಟ್ಟುತ್ತೀರಲ್ಲ, ನಕ್ಷತ್ರದ್ದು, ಡೊಳ್ಳಿನ ಹಾಗಿರುವುದು, ಮೂಲೆ ಮೂಲೆಯದು. ಒಳಗಿರುವ ಬಲ್ಬ್ ಒಂದೇ ಆದರೆ ಕಾಗದವನ್ನು ಮುಟ್ಟುವ ಒಟ್ಟು ಬೆಳಕೂ ಒಂದೇ. ಕಾಗದ ದೂರ ಇದ್ದ ಕಡೆ ಬೆಳಕು ತೆಳು, ಆದರೆ ಹರಡುವ ಜಾಗ ಜಾಸ್ತಿ. ಓರೆ ಇದ್ದ ಕಡೆ ಜಾಗ ಇನ್ನೂ ಜಾಸ್ತಿ, ಅದನ್ನು ಕೊಸೈನ್ ಸರಿ ಮಾಡುತ್ತದೆ. ಬಲ್ಬನ್ನು ಬುಟ್ಟಿಯೊಳಗೇ ಪಕ್ಕಕ್ಕೆ ಸರಿಸಿದರೆ? ಒಂದು ಮೈ ಬೆಳ್ಳಗಾಗುತ್ತದೆ, ಇನ್ನೊಂದು ಮಂಕಾಗುತ್ತದೆ. ಒಟ್ಟು ಬದಲಾಗಲ್ಲ. ಇದು ಪರೀಕ್ಷೆಗೆ ಬಹಳ ಸಲ ಬಂದಿರುವ ವಿಷಯ: ಚಾರ್ಜ್ ಮಧ್ಯದಿಂದ ಸರಿದರೆ ಫ್ಲಕ್ಸ್ ಬದಲಾಗಲ್ಲ, ಮೇಲ್ಮೈ ಮೇಲಿನ ಕ್ಷೇತ್ರ ಮಾತ್ರ ಬದಲಾಗುತ್ತದೆ.

ಈಗ ನಿಮ್ಮ ಜೇಬಿಗೆ ಕೈ ಹಾಕಿ ಫೋನ್ ತೆಗೆಯಿರಿ. ಎಷ್ಟು ಚಾರ್ಜ್ ಇದೆ? 80 ಪರ್ಸೆಂಟಾ? ಅದರ ಸುತ್ತ ಒಂದು ಮುಚ್ಚಿದ ಮೇಲ್ಮೈ ಎಳೆಯೋಣ. ಒಳಗಿನ ಚಾರ್ಜ್ ಎಷ್ಟು? (ಇಲ್ಲಿ ಮೂರನೇ ಸಾಲಿನಿಂದ ಒಬ್ಬ ಹುಡುಗ ‘5000 ಮಿಲಿಆಂಪ್-ಅವರ್ ಸರ್’ ಅಂದ. ಲೆಕ್ಕದಲ್ಲಿ ಚುರುಕು. ಅದು 18,000 ಕೂಲಂ ಆಗುತ್ತದೆ ಅಂತಲೂ ಅವನೇ ಹೇಳಿದ.) ನಿಜವಾದ ಉತ್ತರ: ಹೆಚ್ಚುಕಮ್ಮಿ ಸೊನ್ನೆ. 100 ಪರ್ಸೆಂಟ್ ಇದ್ದಾಗಲೂ ಸೊನ್ನೆ, ಬ್ಯಾಟರಿ ಸತ್ತಾಗಲೂ ಸೊನ್ನೆ. ಬ್ಯಾಟರಿ ಚಾರ್ಜನ್ನು ಕೂಡಿಡುವ ಹುಂಡಿ ಅಲ್ಲ. ಒಂದು ತುದಿಯಿಂದ ಎಷ್ಟು ಹೊರಗೆ ಹೋಗುತ್ತದೋ ಇನ್ನೊಂದು ತುದಿಗೆ ಅಷ್ಟೇ ವಾಪಸ್ ಬರುತ್ತದೆ. ಅದರಲ್ಲಿ ತುಂಬುವುದು ಶಕ್ತಿ. ನಾವು ಬಾಯಿಮಾತಿಗೆ ಚಾರ್ಜ್ ಅನ್ನುತ್ತೇವೆ. 18,000 ಕೂಲಂ ನಿಜವಾಗಿಯೂ ಒಂದೇ ಜಾತಿಯ ಚಾರ್ಜಾಗಿ ಕೂತಿದ್ದರೆ, ಅಂಥ ಎರಡು ಫೋನುಗಳನ್ನು ಒಂದು ಮೀಟರ್ ದೂರದಲ್ಲಿಟ್ಟರೆ ಅವು ಒಂದನ್ನೊಂದು ತಳ್ಳುವ ಬಲಕ್ಕೆ ನಂದಿ ಬೆಟ್ಟ ಕಿತ್ತು ಬರುತ್ತಿತ್ತು. ಒಳಗಿನ ಚಾರ್ಜ್ ಅಂದರೆ ಪ್ಲಸ್ಸು, ಮೈನಸ್ಸು ಕೂಡಿ ಕಳೆದು ಉಳಿದದ್ದು. ಒಂದು ಪ್ಲಸ್, ಅಷ್ಟೇ ಗಾತ್ರದ ಒಂದು ಮೈನಸ್ ಪಕ್ಕಪಕ್ಕ ಒಳಗಿದ್ದರೆ ಒಟ್ಟು ಫ್ಲಕ್ಸ್ ಸೊನ್ನೆ. ಕ್ಷೇತ್ರ ಸೊನ್ನೆಯಾ? ನನ್ನ ಹಾಗೆ ಬರೆಯಬೇಡಿ.

ಈಗ ಮೈಸೂರು ಪಾಕ್. ತುಪ್ಪ ಜಾರುವ ಮೆತ್ತನೆಯದಲ್ಲ, ಹಳೇ ಕಾಲದ ಗಟ್ಟಿ ಚೌಕದ್ದು, ದಾಳದ ಹಾಗೆ ಉದ್ದ, ಅಗಲ, ಎತ್ತರ ಒಂದೇ. ಒಂದು ತುಂಡಿನ ಮೂಲೆಯಲ್ಲಿ ಒಂದು ಚಾರ್ಜ್ ಕೂತಿದೆ. ಆ ತುಂಡಿನ ಮೂಲಕ ಎಷ್ಟು ಫ್ಲಕ್ಸ್? ಸಿಇಟಿಗೆ ಓದುವ ಎಲ್ಲರಿಗೂ ‘ಎಂಟನೇ ಒಂದು’ ಅಂತ ಬಾಯಿಪಾಠ ಇದೆ. ಯಾಕೆ ಅಂತ ಕೇಳಿದರೆ ನಾಲ್ಕು ಜನ ಹೇಳುತ್ತಾರೆ. ಅದೇ ಅಳತೆಯ ಇನ್ನೂ ಏಳು ತುಂಡು ತನ್ನಿ. ಕೆಳಗೆ ನಾಲ್ಕು, ಮೇಲೆ ನಾಲ್ಕು ಜೋಡಿಸಿ, ಎಂಟರ ಮೂಲೆಗಳೂ ಆ ಚಾರ್ಜಿನಲ್ಲೇ ಕೂಡುವ ಹಾಗೆ. ಈಗ ಚಾರ್ಜ್ ಒಂದು ದೊಡ್ಡ ಚೌಕದ ಸರಿಯಾದ ಮಧ್ಯದಲ್ಲಿದೆ. ದೊಡ್ಡದರ ಫ್ಲಕ್ಸ್ ಪೂರ್ತಿ. ಎಂಟು ತುಂಡುಗಳಲ್ಲಿ ಯಾರಿಗೂ ಪಕ್ಷಪಾತ ಇಲ್ಲ, ಹಾಗಾಗಿ ಒಬ್ಬೊಬ್ಬರಿಗೆ ಎಂಟನೇ ಒಂದು. ಇನ್ನೂ ಒಳಗೆ ಹೋಗೋಣ. ನಮ್ಮ ತುಂಡಿಗೆ ಆರು ಮುಖ. ಮೂರು ಮುಖಗಳು ಆ ಮೂಲೆಯನ್ನೇ ಮುಟ್ಟುತ್ತವೆ. ಆ ಮುಖಗಳ ಮೇಲೆ ಕ್ಷೇತ್ರ ಮೈ ಸವರಿಕೊಂಡು ಹೋಗುತ್ತದೆ, ನೆಟ್ಟಗೆ ನಿಂತ ಚಾಪೆಯ ಮೇಲೆ ಬಿಸಿಲು ಹೋದ ಹಾಗೆ. ಅವುಗಳ ಫ್ಲಕ್ಸ್ ಸೊನ್ನೆ. ಉಳಿದ ಮೂರು ಸಮನಾಗಿ ಹಂಚಿಕೊಳ್ಳುತ್ತವೆ. ಒಂದೊಂದಕ್ಕೆ ಇಪ್ಪತ್ನಾಲ್ಕನೇ ಒಂದು. ಇಲ್ಲೂ ನೋಡಿ, ಮೂರು ಮುಖಗಳಲ್ಲಿ ಫ್ಲಕ್ಸ್ ಇಲ್ಲ, ಆದರೆ ಕ್ಷೇತ್ರ ಜೋರಾಗೇ ಇದೆ.

ಒಂದು ಎಚ್ಚರಿಕೆ ಹೇಳಿ ಪ್ರಯೋಗಕ್ಕೆ ಹೋಗುತ್ತೇನೆ. ಗೌಸ್ ನಿಯಮ ಯಾವಾಗಲೂ ನಿಜ, ಆದರೆ ಯಾವಾಗಲೂ ಕೆಲಸಕ್ಕೆ ಬರಲ್ಲ. ಒಟ್ಟು ಗೊತ್ತಾದ ಮಾತ್ರಕ್ಕೆ ಒಂದೊಂದು ಬಿಂದುವಿನಲ್ಲಿ ಎಷ್ಟಿದೆ ಅಂತ ಗೊತ್ತಾಗಲ್ಲ. ಮನೆಯ ತಿಂಗಳ ಖರ್ಚು ಗೊತ್ತಾದರೆ ತರಕಾರಿಗೆ ಎಷ್ಟು ಹೋಯಿತು ಅಂತ ಗೊತ್ತಾಗುತ್ತಾ? ಎಲ್ಲ ಕಡೆ ಸಮನಾಗಿ ಹಂಚಿದೆ ಅಂತ ಮೊದಲೇ ಗೊತ್ತಿದ್ದರೆ ಭಾಗಾಕಾರ ಮಾಡಬಹುದು. ಚೆಂಡು, ಉದ್ದನೆಯ ತಂತಿ, ಅಗಲವಾದ ಹಾಳೆ, ಈ ಮೂರರಲ್ಲಿ ಆ ಅನುಕೂಲ ಇದೆ. ಪುಸ್ತಕದಲ್ಲಿ ಮತ್ತೆ ಮತ್ತೆ ಇವೇ ಬರುವುದು ಅದಕ್ಕೆ.

ಪ್ರಯೋಗ. ಇದನ್ನು ಲಂಡನ್ನಿನಲ್ಲಿ ಮೈಕಲ್ ಫ್ಯಾರಡೆ 1843ರಲ್ಲಿ ಬರೆದು ತಿಳಿಸಿದ್ದು. ಅವನು ಐಸ್ ಇಡುವ ಲೋಹದ ಬಕೆಟ್ ತೆಗೆದುಕೊಂಡ, ರೇಷ್ಮೆ ದಾರದಲ್ಲಿ ಹಿತ್ತಾಳೆ ಗುಂಡು ಇಳಿಬಿಟ್ಟ. ನನ್ನ ಹತ್ತಿರ ಇದ್ದದ್ದು ಅಕ್ಕಿ ಹಾಕಿಡುವ ಉದ್ದನೆಯ ಸ್ಟೀಲ್ ಡಬ್ಬಿ. ಅದನ್ನು ಥರ್ಮಾಕೋಲ್ ಮೇಲೆ ಇಟ್ಟಿದ್ದೆ. ಡಬ್ಬಿಯ ಹೊರಮೈಯಿಂದ ಒಂದು ತಂತಿ, ಆ ತಂತಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳದಿಂದ ಒಳಗೆ ಹೋಗಿ ಚಾಕೊಲೇಟ್ ಸುತ್ತುವ ಹಾಳೆಯ ಎರಡು ಎಳೆಗಳಿಗೆ ಸೇರುತ್ತದೆ. ಚಾರ್ಜ್ ಬಂದರೆ ಎಳೆಗಳು ಅಗಲುತ್ತವೆ. ಗುಂಡಿನ ಬದಲು ಅಲ್ಯೂಮಿನಿಯಂ ಹಾಳೆ ಸುತ್ತಿದ ಥರ್ಮಾಕೋಲ್ ಉಂಡೆ. ಪಿವಿಸಿ ಪೈಪನ್ನು ಉಣ್ಣೆ ಸ್ವೆಟರಿನಿಂದ ಚೆನ್ನಾಗಿ ಉಜ್ಜಿ ಉಂಡೆಗೆ ಮುಟ್ಟಿಸಿದರೆ ಉಂಡೆಗೆ ಮೈನಸ್ ಚಾರ್ಜ್ ಬರಬೇಕು.

ಬರಲಿಲ್ಲ. ಸಭೆ ಮುಂದೆ ನಾಲ್ಕು ಸಲ ಉಜ್ಜಿದೆ. ಎಳೆಗಳು ಬಾಟಲಿಯಲ್ಲಿ ಜೋಲುಮೋರೆ ಹಾಕಿಕೊಂಡು ನಿಂತಿದ್ದವು. ಹೊರಗೆ ಜಿಟಿಜಿಟಿ ಮಳೆ, ಗಾಳಿಯಲ್ಲಿ ತೇವ. ಜನವರಿಯಲ್ಲಿ ಮನೆಯಲ್ಲಿ ಮಾಡಿ ನೋಡಿದಾಗ ಪಟ್ಟನೆ ಆಗಿತ್ತು. ಅದಕ್ಕೂ ದೊಡ್ಡ ತಪ್ಪು ನನ್ನದೇ. ನಾನು ಉಂಡೆ ಕಟ್ಟಿಕೊಂಡು ಬಂದದ್ದು ಹೂವು ಕಟ್ಟುವ ಹತ್ತಿ ದಾರದಲ್ಲಿ. ಹತ್ತಿ ತೇವ ಹೀರುತ್ತದೆ, ತೇವದ ದಾರದಲ್ಲಿ ಚಾರ್ಜ್ ಬೆರಳಿಗೆ ಜಾರಿಹೋಗುತ್ತದೆ. ‘ಯಾರ ಹತ್ತಿರವಾದರೂ ರೇಷ್ಮೆ ದಾರ ಇದೆಯಾ?’ ಅಂತ ಸುಮ್ನೆ ಕೇಳಿದೆ. ಯಾರದೋ ಮನೆಯ ಸತ್ಯನಾರಾಯಣ ಪೂಜೆ ಮುಗಿಸಿಕೊಂಡು ಮೊಮ್ಮಗಳ ಜೊತೆ ಬಂದಿದ್ದ ಒಬ್ಬ ಅಜ್ಜಿ ಎದ್ದು ನಿಂತರು. ಸೆರಗಿನ ಕುಚ್ಚಿನಿಂದ ಒಂದು ಎಳೆ ಬಿಡಿಸಿ ಮುಂದೆ ಕಳಿಸಿದರು. ‘ಅಮ್ಮಾ, ಇದು ಅಸಲಿ ರೇಷ್ಮೆನೇ ತಾನೆ?’ ಅಂದೆ. ‘ನೋಡಪ್ಪಾ, ನನ್ನ ಮದುವೆ ಸೀರೆ ಇದು’ ಅಂದರು. ಮತ್ತೆ ನಾನು ಬಾಯಿ ತೆಗೆಯಲಿಲ್ಲ.

ಪಕ್ಕದ ಮನೆಯಿಂದ ಹೇರ್ ಡ್ರೈಯರ್ ತಂದು ಪೈಪು, ದಾರ, ಡಬ್ಬಿ, ಥರ್ಮಾಕೋಲ್ ಎಲ್ಲಕ್ಕೂ ಬಿಸಿಗಾಳಿ ಕೊಟ್ಟೆವು. ಉಂಡೆಗೆ ಚಾರ್ಜ್ ಬಂತು. ಡಬ್ಬಿಯೊಳಗೆ ಮೆಲ್ಲಗೆ ಇಳಿಸಿದೆ, ಎಲ್ಲೂ ತಾಗದ ಹಾಗೆ. ಬಾಟಲಿಯಲ್ಲಿ ಎಳೆಗಳು ಅಗಲಿದವು. ಇನ್ನೂ ಆಳಕ್ಕೆ ಇಳಿಸಿದೆ. ಒಂದು ಹಂತದ ನಂತರ ಎಳೆಗಳು ಅಲ್ಲಾಡಲಿಲ್ಲ. ಉಂಡೆಯನ್ನು ಎಡಕ್ಕೆ ತಂದೆ, ಬಲಕ್ಕೆ ತಂದೆ, ತಳದ ಹತ್ತಿರ ತಂದೆ. ಅಗಲ ಅಷ್ಟೇ. ಆಮೇಲೆ ಉಂಡೆಯನ್ನು ಒಳಗಿನ ತಳಕ್ಕೆ ಮುಟ್ಟಿಸಿದೆ. ಏನೋ ಆಗುತ್ತದೆ ಅಂತ ಎಲ್ಲರೂ ಕತ್ತು ಚಾಚಿದರು. ಏನೂ ಆಗಲಿಲ್ಲ, ಅಗಲ ಅಷ್ಟೇ ಇತ್ತು. ಉಂಡೆ ಹೊರಗೆ ತೆಗೆದು ಇನ್ನೊಂದು ಬಾಟಲಿಗೆ ಮುಟ್ಟಿಸಿದರೆ ಅದರ ಎಳೆಗಳು ಅಲುಗಲೇ ಇಲ್ಲ. ಉಂಡೆ ಖಾಲಿ.

ಈ ‘ಏನೂ ಆಗಲಿಲ್ಲ’ವೇ ಇಲ್ಲಿ ನೋಡಬೇಕಾದದ್ದು. ಡಬ್ಬಿಯ ಗೋಡೆಗೆ ದಪ್ಪ ಇದೆ ಅಲ್ವಾ, ಆ ಲೋಹದ ದಪ್ಪದ ಒಳಗೇ ನಮ್ಮ ಮನಸ್ಸಿನ ಗೋಡೆ ಎಳೆಯೋಣ. ಲೋಹದೊಳಗೆ ಚಾರ್ಜುಗಳು ಓಡಾಡಿ ನೆಲೆಯಾದ ಮೇಲೆ ಕ್ಷೇತ್ರ ಸೊನ್ನೆ. ಇದು ಎಲ್ಲ ಬಿಂದುವಿನಲ್ಲೂ ಸೊನ್ನೆ, ಬರೀ ಲೆಕ್ಕದ ಸೊನ್ನೆಯಲ್ಲ. ಹಾಗಾಗಿ ಫ್ಲಕ್ಸ್ ಸೊನ್ನೆ. ಹಾಗಾಗಿ ಒಳಗಿನ ಒಟ್ಟು ಚಾರ್ಜ್ ಸೊನ್ನೆ. ಆದರೆ ಉಂಡೆಯ ಮೇಲೆ ಮೈನಸ್ ಇದೆಯಲ್ಲ? ಅಂದರೆ ಡಬ್ಬಿಯ ಒಳಮೈಯಲ್ಲಿ ಅಷ್ಟೇ ಪ್ಲಸ್ ಬಂದು ಕೂತಿರಲೇಬೇಕು. ಡಬ್ಬಿಗೆ ಹೊರಗಿನಿಂದ ನಾವೇನೂ ಕೊಟ್ಟಿಲ್ಲ, ಹಾಗಾಗಿ ಅಷ್ಟೇ ಮೈನಸ್ ಹೊರಮೈಗೆ ಹೋಗಿದೆ. ಎಳೆಗಳು ತೋರಿಸಿದ್ದು ಅದನ್ನು. ಉಂಡೆ ತಳ ಮುಟ್ಟಿದಾಗ ಒಳಗಿನ ಪ್ಲಸ್ಸು, ಮೈನಸ್ಸು ಒಂದಕ್ಕೊಂದು ವಜಾ. ಹೊರಗಿನದಕ್ಕೆ ಸುದ್ದಿಯೇ ಮುಟ್ಟಿಲ್ಲ. ನಮ್ಮ ಡಬ್ಬಿಗೆ ಮುಚ್ಚಳ ಹಾಕಿರಲಿಲ್ಲ, ಹಾಗಾಗಿ ಲೆಕ್ಕ ಪೂರ್ತಿ ಕರಾರುವಾಕ್ಕಲ್ಲ. ಆಳಕ್ಕೆ ಇಳಿಸಿದರೆ ಕಣ್ಣಿಗೆ ವ್ಯತ್ಯಾಸ ಕಾಣಲ್ಲ, ಅಷ್ಟೇ.

ಇದೇ ಜಾಡಿನಲ್ಲಿ ಇನ್ನೂ ಹಿಂದೆ ಹೋದವನು ಇಂಗ್ಲೆಂಡಿನ ವಿಜ್ಞಾನಿ ಹೆನ್ರಿ ಕ್ಯಾವೆಂಡಿಶ್, 1773ರ ಸುಮಾರಿಗೆ. ಒಂದು ಗೋಳದ ಸುತ್ತ ಇನ್ನೊಂದು ಟೊಳ್ಳು ಗೋಳ ಮುಚ್ಚಿ, ಎರಡನ್ನೂ ತಂತಿಯಲ್ಲಿ ಸೇರಿಸಿ, ಹೊರಗಿನದಕ್ಕೆ ಚಾರ್ಜ್ ಕೊಟ್ಟ. ತಂತಿ ತೆಗೆದು, ಹೊರಗಿನದನ್ನು ಬಿಚ್ಚಿ, ಒಳಗಿನ ಗೋಳ ಪರೀಕ್ಷಿಸಿದ. ಅದರಲ್ಲಿ ಏನೂ ಸಿಗಲಿಲ್ಲ. ಆ ‘ಏನೂ ಇಲ್ಲ’ದಿಂದಲೇ ಬಲ ದೂರದ ವರ್ಗದಷ್ಟು ಇಳಿಯುತ್ತದೆ ಅಂತ ಲೆಕ್ಕ ಹಾಕಿದ. ಫ್ರೆಂಚ್ ವಿಜ್ಞಾನಿ ಕೂಲಂ (ಚಾರ್ಜಿನ ಮಾನಕ್ಕೆ ಇವನದೇ ಹೆಸರು) ತನ್ನ ತಿರುಚು ತಕ್ಕಡಿಯಿಂದ ಅದನ್ನು ಅಳೆದು ಹೇಳಿದ್ದು 1785ರಲ್ಲಿ. ಕ್ಯಾವೆಂಡಿಶ್ ತನ್ನದನ್ನು ಅಚ್ಚಿಗೇ ಕೊಡಲಿಲ್ಲ. ಮಹಾ ಸಂಕೋಚದ ಮನುಷ್ಯ. 1879ರಲ್ಲಿ ಮ್ಯಾಕ್ಸ್‌ವೆಲ್ ಅವನ ಕಾಗದಪತ್ರ ಹುಡುಕಿ ಪ್ರಕಟಿಸುವವರೆಗೆ ನೂರು ವರ್ಷ ಅದು ಕಟ್ಟಿನಲ್ಲೇ ಇತ್ತು. ಗೌಸ್‌ದೂ ಅದೇ ಹಣೆಬರಹ. ಅವನು 1835ರಲ್ಲಿ ಬರೆದದ್ದು ಅಚ್ಚಾಗಿದ್ದು 1867ರಲ್ಲಿ, ಅವನು ಸತ್ತ ಮೇಲೆ.

ನನಗೆ ಬಹಳ ಇಷ್ಟವಾದ ಲೆಕ್ಕ ಒಂದಿದೆ. ನಾವು ನಿಂತಿರುವ ನೆಲಕ್ಕೆ ಚಾರ್ಜ್ ಇದೆಯಾ? ಇದ್ದರೆ ಎಷ್ಟು? ಇಡೀ ಭೂಮಿಯನ್ನು ತಕ್ಕಡಿಗೆ ಹಾಕಲಾಗಲ್ಲ. ಆದರೆ ಮೋಡ, ಗುಡುಗು ಇಲ್ಲದ ದಿನ ಬಯಲಲ್ಲಿ ಅಳೆದರೆ ನೆಲದ ಹತ್ತಿರ ಪ್ರತಿ ಮೀಟರಿಗೆ ಸುಮಾರು 100 ವೋಲ್ಟ್ ಕ್ಷೇತ್ರ ಸಿಗುತ್ತದೆ, ಕೆಳಮುಖವಾಗಿ. (ಪ್ರತಿ ಮೀಟರಿಗೆ ಒಂದು ವೋಲ್ಟ್ ಅಂದರೂ ಪ್ರತಿ ಕೂಲಂಗೆ ಒಂದು ನ್ಯೂಟನ್ ಅಂದರೂ ಒಂದೇ.) ಭೂಮಿಯನ್ನು ಸುತ್ತುವ ಹಾಗೆ ನೆಲದಿಂದ ಸ್ವಲ್ಪವೇ ಮೇಲೆ ಒಂದು ಗೋಡೆ ಎಳೆಯಿರಿ. ಭೂಮಿಯ ಮೇಲ್ಮೈ ಸುಮಾರು 51 ಕೋಟಿ ಚದರ ಕಿಲೋಮೀಟರ್. ಅದನ್ನು ಚದರ ಮೀಟರಿಗೆ ತಂದು, 100ರಿಂದ ಗುಣಿಸಿ, ಎಪ್ಸಿಲಾನ್ ನಾಟ್‌ನಿಂದ ಗುಣಿಸಿ. ನಾಲ್ಕೂವರೆ ಲಕ್ಷ ಕೂಲಂ. ಕ್ಷೇತ್ರ ಒಳಮುಖ, ಹಾಗಾಗಿ ಮೈನಸ್. ಆ ಮೂರನೇ ಸಾಲಿನ ಹುಡುಗ ತಕ್ಷಣ ಲೆಕ್ಕ ಹಾಕಿದ: ‘25 ಫೋನು ಸರ್!’ ಹೌದು, 25 ಫೋನಿನ ಬ್ಯಾಟರಿಗಳು ಪೂರ್ತಿ ಖಾಲಿಯಾಗುವಾಗ ಹರಿದು ಹೋಗುವಷ್ಟು. ಇಡೀ ಭೂಮಿಗೆ ಇಷ್ಟೇನಾ ಅನ್ನಿಸುತ್ತೆ. ಆದರೆ ಫೋನಿನದು ಬಂದು ಹೋಗುವ ಚಾರ್ಜ್, ಇದು ಕೂತಿರುವ ಚಾರ್ಜ್.

ಇನ್ನೂ ಮಜಾ ಇದೆ. ಮೇಲೆ ಹೋದ ಹಾಗೆ ಈ ಕ್ಷೇತ್ರ ಕಡಿಮೆಯಾಗುತ್ತಾ ಹೋಗುತ್ತದೆ. 10 ಕಿಲೋಮೀಟರ್ ಎತ್ತರದಲ್ಲಿ ನೂರಿದ್ದದ್ದು ಕೆಲವೇ ವೋಲ್ಟಿಗೆ ಇಳಿದಿರುತ್ತದೆ. 6,400 ಕಿಲೋಮೀಟರ್ ತ್ರಿಜ್ಯದ ಭೂಮಿಗೆ 10 ಕಿಲೋಮೀಟರ್ ಯಾವ ಲೆಕ್ಕ? ಮೇಲ್ಮೈ ಹೆಚ್ಚುಕಮ್ಮಿ ಅಷ್ಟೇ. ಕ್ಷೇತ್ರ ಮಾತ್ರ ಇಷ್ಟು ಇಳಿದಿದೆ ಅಂದರೆ ಫ್ಲಕ್ಸ್ ಇಳಿದಿದೆ. ಫ್ಲಕ್ಸ್ ಇಳಿದಿದೆ ಅಂದರೆ ಒಳಗಿನ ಚಾರ್ಜ್ ಇಳಿದಿದೆ. ಭೂಮಿಯ ಮೈನಸ್ ಎಲ್ಲೂ ಹೋಗಿಲ್ಲ. ಹಾಗಾದರೆ ನಡುವಿನ ಗಾಳಿಯಲ್ಲಿ ಪ್ಲಸ್ ಇದೆ, ನಮ್ಮ ದೊಡ್ಡ ಗೋಡೆ ಅದನ್ನೂ ಒಳಗೆ ಹಾಕಿಕೊಂಡಿದೆ. ಗಾಳಿಯಲ್ಲಿ ಚಾರ್ಜ್ ಇದೆ ಅಂತ ಎರಡು ಎತ್ತರದಲ್ಲಿ ಕ್ಷೇತ್ರ ಅಳೆದೇ ಹೇಳಬಹುದು. ನಮ್ಮ ಮನೆ ಸಂಪ್ ಉಕ್ಕಿದ್ದನ್ನು ಗೇಟು, ಕಿಂಡಿ ಎರಡನ್ನೂ ನೋಡಿಯೇ ಕಂಡುಹಿಡಿದ ಹಾಗೆ.

ಪ್ರಶ್ನೆ ಕೇಳಿ ಅಂದೆ. ಹಿಂದಿನ ಸಾಲಿನಲ್ಲಿ ಇಷ್ಟು ಹೊತ್ತು ಮಾತಾಡದೆ ಕೂತಿದ್ದ ಹುಡುಗಿ ಕೈ ಎತ್ತಿದಳು, ಅಜ್ಜಿಯ ಮೊಮ್ಮಗಳು. ‘ಸರ್, ಚಾರ್ಜ್ ಒಳಗೂ ಇಲ್ಲ, ಹೊರಗೂ ಇಲ್ಲ, ಸರಿಯಾಗಿ ಗೋಡೆ ಮೇಲೇ ಇದ್ರೆ?’

ಒಳ್ಳೇ ಪ್ರಶ್ನೆ. ಚಪ್ಪಟೆ ಜಾಗದಲ್ಲಿ ಕೂತಿದ್ದರೆ ಅರ್ಧ ಒಳಗಿನ ಲೆಕ್ಕಕ್ಕೆ, ಅಂಚಿನ ಮೇಲಿದ್ದರೆ ಕಾಲು, ಮೂಲೆಯಲ್ಲಿದ್ದರೆ ಎಂಟನೇ ಒಂದು, ಮೈಸೂರು ಪಾಕ್ ನೆನಪಿಸಿಕೋ ಅಂದೆ. ಅಂಚು, ಮೂಲೆಯ ಮಾತು ಚೌಕದ ಪೆಟ್ಟಿಗೆಗೆ. ನಿಜವಾದ ಉಂಡೆಗಳಿಗೆ ಗಾತ್ರ ಇರುತ್ತದೆ, ಒಂದಷ್ಟು ಒಳಗೆ, ಒಂದಷ್ಟು ಹೊರಗೆ ಬೀಳುತ್ತದೆ, ಹಾಗಾಗಿ ತೊಂದರೆ ಇಲ್ಲ ಅಂತಲೂ ಸೇರಿಸಿದೆ.

ಅವಳು ಕೂರಲಿಲ್ಲ. ‘ಎಲೆಕ್ಟ್ರಾನ್‌ಗೆ ಗಾತ್ರ ಇದೆಯಾ ಸರ್?’

ಇಲ್ಲಿಯವರೆಗೆ ಯಾವ ಅಳತೆಗೂ ಸಿಕ್ಕಿಲ್ಲಮ್ಮ, ಅಂದೆ. ‘ಮತ್ತೆ?’ ಅಂದಳು. ಅಷ್ಟರಲ್ಲಿ ಕಾಫಿ ಬಂತು. ಜನ ಎದ್ದರು. ಅಜ್ಜಿ ನೇರ ಮೇಜಿನ ಹತ್ತಿರ ಬಂದು, ಉಂಡೆಯಿಂದ ದಾರ ಬಿಚ್ಚಿಸಿಕೊಂಡು, ಬೆರಳಿಗೆ ಸುತ್ತಿ ಪರ್ಸಿಗೆ ಹಾಕಿಕೊಂಡರು.